ಕುದುರೆಯ ಬೀಜಕ್ಕೆ ಒಂದು ಬೊಗಸೆ ಐಸು

ಪಾಂಡುವಿನ ತಾಪತ್ರಯಕ್ಕೆಲ್ಲ ಮೂಲ ಅವನ ನಾಚಿಕೆ. ಹೇಳಬೇಕಾದ ಒಂದು ಶಬ್ದವನ್ನು ಹೆಂಗಸರಿದ್ದ ಬಸ್ಸಿನಲ್ಲಿ ಬಾಯಿಬಿಟ್ಟು ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆ ಬೆಳಿಗ್ಗೆ ಕುಮಟಾ ರೈಲು ನಿಲ್ದಾಣದಲ್ಲಿ, ಪುಣೆ ಕಡೆಯ ಕುದುರೆ ಫಾರ್ಮಿನವನೊಬ್ಬ ರೈಲಿನ ಬಾಗಿಲಲ್ಲೇ ನಿಂತು ಅವನ ಕೈಗೊಂದು ಅಲ್ಯೂಮಿನಿಯಂ ಕ್ಯಾನು ದಾಟಿಸಿದ. ಹಾಲಿನ ಕ್ಯಾನಿನ ಹೊಟ್ಟೆ, ಹೂಜಿಯ ಕತ್ತು. ಒಳಗೆ ದ್ರವ ಸಾರಜನಕ, ಅದರಲ್ಲಿ ಮುಳುಗಿದ ಸಪೂರ ಕಡ್ಡಿಗಳು, ಕಡ್ಡಿಗಳೊಳಗೆ ಒಂದು ಹೆಸರಾಂತ ಗಂಡು ಕುದುರೆಯ ವೀರ್ಯ.

"ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲಿನ ನೀರು ತೆಗೆದು, ಮೊಟ್ಟೆಯ ಹಳದಿ, ಕೆನೆ ತೆಗೆದ ಹಾಲು ಎಲ್ಲ ಸೇರಿಸಿ, ಕಡ್ಡಿಗೆ ತುಂಬಿ, ಮೊದಲು ಆವಿಯಲ್ಲಿ ಹಿಡಿದು ಆಮೇಲೆ ಮುಳುಗಿಸಿದ್ದು. ಎಷ್ಟು ಶ್ರಮ ಅಂತ ಗೊತ್ತಾ? ಕ್ಯಾನು ಮಲಗಿಸಬೇಡ, ಮುಚ್ಚಳ ಬಿಗಿ ಮಾಡಬೇಡ. ತಂಪು ತಪ್ಪಿದರೆ ಸತ್ತಿತು" ಎಂದು ಹಿಂದಿಯಲ್ಲಿ ಹೇಳುತ್ತಿದ್ದಂತೆ ರೈಲು ಅವನನ್ನು ಹೊತ್ತುಕೊಂಡು ಮಂಗಳೂರಿನತ್ತ ಹೋಯಿತು.

ಇದು ಭಟ್ಕಳದ ಬಳಿಯ ತೆಂಗಿನಗುಂಡಿಯ ವಿಶ್ವನಾಥನ ಹೆಣ್ಣು ಕುದುರೆಗೆಂದು ಬಂದ ಸರಕು. ವಿಶ್ವನಾಥ ಎರಡು ಬೋಟುಗಳ ಒಡೆಯ. ನಾಲ್ಕು ತಿಂಗಳ ಹಿಂದೆ ಮಗಳು ಧನ್ಯಾಳ ಮದುವೆಯಲ್ಲಿ ಅಳಿಯನನ್ನು ಮೆರವಣಿಗೆ ಮಾಡಲೆಂದು ಚಂದ್ರಿ ಎಂಬ ಬಿಳಿ ಕುದುರೆಯನ್ನು ಕೊಂಡು ತಂದಿದ್ದ. ಗಂಡಿನವರು ಕೇಳಬೇಕಲ್ಲ, ತಾವೇ ಒಂದು ಬಾಡಿಗೆಯ ಕುದುರೆಯನ್ನು ಹೊಡೆದುಕೊಂಡು ಬಂದರು. ಕಡೆಗೆ ಎರಡೂ ಕುದುರೆಗಳು ಒಂದೇ ಚಪ್ಪರದಡಿ ನಿಂತು ವಾಲಗ ಕೇಳಿದವು. ಮದುವೆ ಮುಗಿಯಿತು, ಬಾಡಿಗೆಯದು ಹೋಯಿತು, ಚಂದ್ರಿ ಉಳಿಯಿತು. ಅದರ ಹೊಟ್ಟೆಯಲ್ಲಿ ಜಾತಿ ಕುದುರೆಯ ಮರಿಯೊಂದು ಹುಟ್ಟಬೇಕೆಂಬ ಹಂಬಲವೂ ಉಳಿಯಿತು.

ಪಾಂಡು ಭಟ್ಕಳ ಕಡೆಯ ಪಶು ಆಸ್ಪತ್ರೆಯೊಂದರ ಅಟೆಂಡರ್. ಮನೆ ಕುಮಟೆಯಲ್ಲಿ. ದಿನದ ಅರ್ಧ ಬಸ್ಸಿನಲ್ಲೇ ಸವೆಯುತ್ತಿತ್ತು. "ಮಧ್ಯಾಹ್ನ ಊಟಕ್ಕೆ ಮನೆಗೆ ಬರೂ ಗಂಡ ಅಂದ್ರೆ ಹ್ಯಾಂಗಿರ್ತಾನೆ ಅಂತ ಒಂದ್ಸಲ ನೋಡ್ಬೇಕು ನಂಗೆ" ಎಂದು ಹೆಂಡತಿ ವಿನುತಾ ಆಗಾಗ ಹೇಳುವಳು. ವಿಶ್ವನಾಥ ಮಾತು ಕೊಟ್ಟಿದ್ದ: "ಚಂದ್ರಿಗೆ ಗಬ್ಬ ನಿಂತ್ರೆ ನಿನ್ನ ಕುಮಟಾ ವರ್ಗಾವಣೆ ನನ್ನ ಜವಾಬ್ದಾರಿ."

ಹಾಗಾಗಿ ಪಾಂಡು ಕ್ಯಾನನ್ನು ಮಡಿಯ ಕೊಡದಂತೆ ಹಿಡಿದು ಭಟ್ಕಳದ ಬಸ್ಸು ಹತ್ತಿದ.

"ಎಂತದಾ ಮಾರಾಯಾ ಇದು? ಹೊಗಿ ಬರ್ತದಲಾ!" ಕಂಡಕ್ಟರ್ ಜಟ್ಟ ಎರಡು ಹೆಜ್ಜೆ ಹಿಂದೆ ಸರಿದ.

"ಔಷಧ, ಜಟ್ಟಣ್ಣ. ಕುದ್ರಿಗೆ."

"ಕುದ್ರಿಗೆ ಎಂತಾ ಆಗ್ಯದೆ?"

ಪಾಂಡು ಸುತ್ತ ನೋಡಿದ. ಹಿಂದಿನ ಸೀಟಿನಲ್ಲಿ ಮೀನು ಮಾರುವ ಗಂಗಿ, ಅವಳಾಚೆ ಇನ್ನೂ ನಾಲ್ಕಾರು ಹೆಂಗಸರು, ಎಲ್ಲರ ಕಿವಿಯೂ ಇತ್ತಲೇ. ಕುದುರೆಗೆ ಏನೂ ಆಗಿಲ್ಲ, ಆಗಲಿ ಎಂದೇ ಇದನ್ನು ಒಯ್ಯುತ್ತಿರುವುದು ಎಂದು ಹೇಳುವುದಾದರೂ ಹೇಗೆ?

"ಜ್ವರ" ಎಂದ.

"ಅಯ್ಯೋ, ಬಾಯಿಲ್ಲದ ಜೀವ" ಎಂದು ಗಂಗಿ ಮರುಗಿದಳು. "ಔಷಧ ಅಷ್ಟು ಥಂಡಿ ಯಾಕಾ ತಮಾ?"

"ಹಾಂಗೇ ಇರಬೇಕು ಅಕ್ಕಾ. ತಂಪು ಹೋದ್ರೆ ಹಾಳಾಗ್ತದೆ."

ಈ ಒಂದು ಮಾತಿಗೆ ಅವನು ಆಮೇಲೆ ಎಷ್ಟು ಪರಿತಪಿಸಿದನೆಂದು ಹೇಳಿ ಮುಗಿಯದು. ಏಕೆಂದರೆ ಆ ಕರಾವಳಿಯ ಮೀನು ಮಾರುವ ಹೆಂಗಸರಲ್ಲಿ ಒಂದು ರೂಢಿಯಿದೆ. ದರದ ವಿಷಯಕ್ಕೆ ಜುಟ್ಟು ಹಿಡಿದು ಜಗಳಾಡಿದವಳ ಬುಟ್ಟಿಯಲ್ಲೇ ಆಗಲಿ, ಐಸು ಕಡಿಮೆಯಾದದ್ದು ಕಂಡರೆ ಪಕ್ಕದವಳು ಕೇಳದೆಯೇ ತನ್ನದರಿಂದ ಒಂದು ಬೊಗಸೆ ಹಾಕುತ್ತಾಳೆ. ಸರಕು ಯಾರದಾದರೂ ಕೊಳೆಯಬಾರದು.

ಹೊನ್ನಾವರದಲ್ಲಿ ಬಸ್ಸು ನಿಂತಿತು. ರೈಲು ಕಾಯುತ್ತ ಕುಡಿದ ಚಹಾ ಪಾಂಡುವನ್ನು ಕೆಳಗಿಳಿಯುವಂತೆ ಮಾಡಿತು. ಅಂಥ ಸ್ಥಳಕ್ಕೆ ಅಂಥ ಕುಲೀನ ಸರಕನ್ನು ಒಯ್ಯುವುದು ಅವನಿಗೆ ಸರಿಕಾಣಲಿಲ್ಲ.

"ಅಕ್ಕಾ, ಇದೊಂದು ಸ್ವಲ್ಪ ನೋಡ್ಕಳ್ಳಿ."

"ಹೋಗ್ಬಾ ತಮಾ. ನಾ ಇದ್ನಲ್ಲಾ, ಎಂತಾ ಹೆದ್ರಿಕೆ?"

ತಿರುಗಿ ಬರುವಾಗ ಬಸ್ಸಿನ ಕಿಟಕಿಗಳಿಂದೆಲ್ಲ ಬಿಳಿ ಹೊಗೆ ಇಳಿಯುತ್ತಿತ್ತು, ಯಕ್ಷಗಾನದ ರಾಕ್ಷಸ ರಂಗಕ್ಕೆ ಬರುವ ಹೊತ್ತಿನಂತೆ. ಪ್ರಯಾಣಿಕರೆಲ್ಲ ಕೆಳಗಿಳಿದಿದ್ದರು, ಜಟ್ಟ ಬಿಡದೆ ಸೀಟಿ ಊದುತ್ತಿದ್ದ. ಒಳಗಿದ್ದವಳು ಗಂಗಿ ಒಬ್ಬಳೇ. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿರಾಳವಾಗಿ ಕೂತಿದ್ದಳು.

"ಹೆದ್ರಬೇಡ ತಮಾ, ಆತು. ನಿನ್ನ ಡಬ್ಬಿ ಸುಮ್ನೇ ಹೊಗಿ ಬಿಡ್ತಾ ಇತ್ತು. ಐಸು ಮುಗೀತಾ ಬಂದದೆ ಅಂತ ಒಂದು ಬೊಗಸೆ ಹುಡಿ ಐಸು ಹಾಕ್ದೆ. ಬುಸ್ ಅಂತು! ಸಾಲೂದಿಲ್ಲ ಅಂತ ಮತ್ತೆ ಮತ್ತೆ ಹಾಕ್ದೆ. ಉಪ್ಪೂ ಹಾಕಿದ್ದೆ, ಚಲೋ ತಂಪು ಹಿಡೀತದೆ. ಈಗ ನೋಡು, ಹ್ಯಾಂಗೆ ಸುಮ್ಮಗಾಗ್ಯದೆ!"

ಸುಮ್ಮಗಾಗಿತ್ತು. ನಮಗೆ ಐಸು ತಂಪು. ಸೊನ್ನೆಗಿಂತ ಇನ್ನೂರು ಡಿಗ್ರಿಯಷ್ಟು ಕೆಳಗೆ ಕೂತ ಸಾರಜನಕಕ್ಕೆ ಅದು ಕೆಂಡ. ಕುದ್ದು, ಉಕ್ಕಿ, ಆವಿಯಾಗಿ ಹೊನ್ನಾವರದ ಗಾಳಿಯಲ್ಲಿ ಸೇರಿಹೋಗಿತ್ತು. ಪಾಂಡು ಕ್ಯಾನಿನೊಳಗೆ ಇಣುಕಿದ. ಐಸಿನ ಹುಡಿಯ ಮೇಲೆ ಬಂಗಡೆಯ ಒಂದು ಬಾಲವಿತ್ತು.

"ಕುದ್ರಿ ಔಷಧಕ್ಕೆ ನಾ ದುಡ್ಡು ತಕಳೂದಿಲ್ಲ" ಎಂದಳು ಗಂಗಿ, ಅವನ ಮುಖ ನೋಡಿ.

ಪಾಂಡು ಮುಚ್ಚಳ ಹಾಕಿ ಕೂತ. ಇಡಗುಂಜಿ ಕ್ರಾಸು ಬಂದಾಗ ಕಣ್ಣು ಮುಚ್ಚಿ ಕೈ ಮುಗಿದ. ಸತ್ತದ್ದನ್ನು ಬದುಕಿಸೆಂದು ದೇವರನ್ನು ಕೇಳುವಷ್ಟು ಆಸೆಬುರುಕ ಅವನಲ್ಲ. "ಗಣಪತೀ, ಇವತ್ತು ಈ ಕ್ಯಾನಿನ ಮುಚ್ಚಳ ಯಾರೂ ತೆಗೀಬಾರ್ದು. ಅಷ್ಟು ಮಾಡು, ಪಂಚಕಜ್ಜಾಯ ಮಾಡಿಸ್ತೆ" ಎಂದು ಬೇಡಿಕೊಂಡ.

ತೆಂಗಿನಗುಂಡಿಯಲ್ಲಿ ಆಸ್ಪತ್ರೆಯ ಡಾಕ್ಟರ್ ಅನಂತಮೂರ್ತಿ ಭುಜದವರೆಗಿನ ಕೈಗವಸು ತೊಟ್ಟು ಸಿದ್ಧರಾಗಿದ್ದರು. ವಿಶ್ವನಾಥ ಇಸ್ತ್ರಿಯ ಬಿಳಿ ಪಂಚೆಯಲ್ಲಿದ್ದ. ಚಂದ್ರಿ ಮಾತ್ರ ಇದಾವುದೂ ತನಗೆ ಸಂಬಂಧಿಸಿದ್ದಲ್ಲವೆಂಬಂತೆ ಹುಲ್ಲು ಮೆಲ್ಲುತ್ತಿತ್ತು.

"ಮೊದ್ಲು ಒಳಗೆ ಒಂದ್ಸಲ ನೋಡ್ತೇನೆ. ಪಾಂಡು, ನಾನು ಹೇಳಿದ ಕೂಡಲೇ ಮುಚ್ಚಳ ತೆಗಿ" ಎಂದು ಡಾಕ್ಟರು ಬಾಲ ಸರಿಸಿ ಕೈ ಹಾಕಿದರು. ಪಾಂಡು ಮುಚ್ಚಳದ ಮೇಲೆ ಎರಡೂ ಕೈ ಇಟ್ಟು ನಿಂತ. ಡಾಕ್ಟರರ ಹುಬ್ಬು ಗಂಟಾಯಿತು, ಬಿಚ್ಚಿತು, ಮತ್ತೆ ಗಂಟಾಯಿತು.

"ವಿಶ್ವನಾಥರೇ, ಇದು ಆಗ್ಲೇ ಗಬ್ಬ. ಮೂರು ತಿಂಗಳಾದ್ರೂ ಆಗಿದೆ."

ಎಲ್ಲರ ಮನಸ್ಸಿಗೂ ಬಂದದ್ದು ಒಂದೇ: ಬೇಗಡೆ ಅಂಟಿಸಿಕೊಂಡು, ಒಂದು ಕಣ್ಣು ಮಸುಕಾಗಿ, ವಾಲಗದ ಸದ್ದಿಗೆ ತೂಕಡಿಸುತ್ತಿದ್ದ ಆ ಬಾಡಿಗೆಯ ಗಂಡು ಕುದುರೆ. ವಿಶ್ವನಾಥನ ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ನಗುವಿಗೆ ಕುಲುಕತೊಡಗಿತು.

"ಮದಿವೆಗೆ ಬಂದವ ಉಡುಗೊರೆ ಕೊಟ್ಟೇ ಹೋಗ್ಯಾನೆ ನೋಡಿ!"

ಪಾಂಡುವಿನ ಕಣ್ಣಲ್ಲಿ ನೀರು. ಮುಚ್ಚಳ ಮುಚ್ಚಿದಂತೆಯೇ ಇತ್ತು. "ಒಡೆಯಾ... ನನ್ನ ವರ್ಗಾವಣೆ?"

"ಗಬ್ಬ ನಿಂತ್ರೆ ಅಂದಿದ್ದೆ, ನಿಂತದೆ. ಮಾತು ಅಂದ್ರೆ ಮಾತು" ಎಂದು ವಿಶ್ವನಾಥ ಮೊಬೈಲು ತೆಗೆದ. ಪಾಂಡುವಿಗೆ ವಿನುತಾ ಮಧ್ಯಾಹ್ನದ ಬಿಸಿ ಅನ್ನ ಬಡಿಸುವುದು ಕಂಡಿತು. ಸಾರಿನ ಪರಿಮಳವೂ ಬಂತು.

"ಹಾಗಾದ್ರೆ ಈ ಕಡ್ಡಿಗಳನ್ನ ಎಂತ ಮಾಡೋದು? ಬಿಸಾಡೋದಾ?" ಎಂದರು ಡಾಕ್ಟರು, ಕೈ ತೊಳೆಯುತ್ತ.

ವಿಶ್ವನಾಥನ ಬೆರಳು ಮೊಬೈಲಿನ ಮೇಲೆ ನಿಂತಿತು. "ಬಿಸಾಡೂದಾ! ಇದು ಹೆತ್ತ ಮೇಲೆ ಬರೂ ವರ್ಷ ಅದನ್ನೇ ಹಾಕ್ವ. ಇಟ್ರೆ ಇರ್ತದಲ್ಲ?"

"ಸಾರಜನಕ ತುಂಬಿಸ್ತಾ ಇದ್ರೆ ಎಷ್ಟು ವರ್ಷವೂ ಇರ್ತದೆ. ಆದ್ರೆ ಕಾಯೋದಕ್ಕೆ ನಂಬಿಕೆಯ ಜನ ಬೇಕು."

ಇಬ್ಬರೂ ಒಟ್ಟಿಗೇ ಪಾಂಡುವಿನತ್ತ ತಿರುಗಿದರು. ವಿಶ್ವನಾಥ ಮೊಬೈಲನ್ನು ಕಿಸೆಗೆ ಹಾಕಿ ಅವನ ಹೆಗಲ ಮೇಲೆ ಕೈಯಿಟ್ಟ. "ಕುಮಟೆಯಿಂದ ಮಗುವಿನ ಹಾಂಗೆ ತಂದವ. ಇಂಥವನ್ನ ಬಿಟ್ಟುಕೊಡೂದುಂಟಾ? ವರ್ಗಾವಣೆ ಮಾಡೂಕೆ ಯಾರೇ ಬರ್ಲಿ, ನಾ ನಿಲ್ಲಿಸ್ತೆ."

"ನಮ್ಮಲ್ಲಿ ಇವತ್ತು ಸಾರಜನಕ ಖಾಲಿ. ಕುಮಟೆಗೆ ಒಯ್ದು ತುಂಬಿಸ್ಕೊಂಡು ನಾಳೆ ತಾ" ಎಂದರು ಡಾಕ್ಟರು. "ನೀನಲ್ಲದೆ ಬೇರೆ ಯಾರೂ ಇನ್ನು ಆ ಮುಚ್ಚಳ ಮುಟ್ಟಬಾರದು."

ಗಣಪತಿ ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದ.

ಸಂಜೆಯ ಬಸ್ಸಿನಲ್ಲಿ ಗಂಗಿ ಖಾಲಿ ಬುಟ್ಟಿಯೊಂದಿಗೆ ಅದೇ ಸೀಟಿನಲ್ಲಿದ್ದಳು.

"ಕುದ್ರಿ ಜ್ವರ ಇಳೀತಾ ತಮಾ?"

"ಇಳೀತು ಅಕ್ಕಾ. ನಂಗೆ ಹತ್ತಿತು."

ಗಂಗಿ ಬಗ್ಗಿ ಕ್ಯಾನನ್ನು ನೋಡಿದಳು. "ಹೊಗೀನೇ ಇಲ್ಲಲಾ! ಬುಟ್ಟಿಯಡಿಗೆ ಒಂಚೂರು ಐಸು ಉಳಿದದೆ. ಹಾಕ್ಲಾ?"

ಪಾಂಡು ತಾನೇ ಮುಚ್ಚಳ ತೆಗೆದು ಕ್ಯಾನನ್ನು ಅವಳತ್ತ ಚಾಚಿದ.

"ಹಾಕು ಅಕ್ಕಾ. ಬರೂ ವರ್ಷದವರೆಗೆ ಕಾಯ್ಬೇಕಂತೆ."