ಗುಮ್ಮಟದ ಗೋಡೆ ಮತ್ತು ನನ್ನ ಹೆಸರು

ಗೋಳಗುಮ್ಮಟ ನೋಡಲು ವಿಜಾಪುರಕ್ಕೆ ಹೊರಟಿದ್ದೇನೆ ಎಂದು ಕಚೇರಿಯಲ್ಲಿ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾನು ಹೊರಟದ್ದು ನನ್ನ ಹೆಸರನ್ನು ಕೇಳುವುದಕ್ಕೆ!

ಇದು ಸಾವಿರದ ಒಂಬೈನೂರ ಇಪ್ಪತ್ತರ ಆಚೀಚಿನ ಮಾತು. ಮದುವೆಯಾಗಿ ಬೆಳಗಾವಿಯ ಅನಗೋಳದಲ್ಲಿ ಸಂಸಾರ ಹೂಡಿ ವರ್ಷವಾಗಿತ್ತು. ನನ್ನ ಹೆಂಡತಿ ನೀಲವ್ವ ಒಮ್ಮೆಯೂ ನನ್ನ ಹೆಸರು ಹೇಳಿರಲಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ಹೊಸ ಟಪಾಲಿನವ ಬಂದು, "ಯಜಮಾನರ ಹೆಸರೇನ್ರಿ?" ಎಂದು ಕೇಳಿದರೆ ಪಕ್ಕದ ಮನೆಯ ಕಾಕುವನ್ನು ಕರೆದು ಹೇಳಿಸುತ್ತಿದ್ದಳು. ಕಾಕು ಊರಲ್ಲಿಲ್ಲದ ದಿನ ನನ್ನ ಪತ್ರ ಬಂದ ದಾರಿಯಲ್ಲೇ ಮರಳಿತು. ನನಗೋ, ಆ ಬಾಯಿಂದ 'ಗುರುಸಿದ್ಧಪ್ಪ' ಎಂದು ಒಮ್ಮೆ ಕೇಳಬೇಕೆಂಬ ಹುಚ್ಚು.

ಗುಮ್ಮಟದ ಬಗ್ಗೆ ಓದಿದಾಗ ಉಪಾಯ ಹೊಳೆಯಿತು. ಮೇಲೆ ಒಳಗಡೆ ಸುತ್ತಲೂ ಮೊಗಸಾಲೆಯಿದೆ. ಅಲ್ಲಿಯ ಗೋಡೆಗೆ ಪಿಸುಗುಟ್ಟಿದರೆ ಎದುರು ತುದಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದಂತೆ.

"ನೀ ಗ್ವಾಡಿಗೆ ಹೇಳ. ನನಗ ಹೇಳಿದಂಗ ಆಗೂದಿಲ್ಲ," ಎಂದು ವಾದಿಸಿದೆ.

ಎರಡು ದಿನ ಯೋಚಿಸಿ, "ಗ್ವಾಡಿಗಾದ್ರ ಹೇಳ್ತೇನ್ರಿ," ಎಂದಳು. ವಕೀಲರಲ್ಲಿ ಕಾರಕೂನನಾಗಿದ್ದು ಸಾರ್ಥಕವಾಯಿತು.

ಹೊರಡುವ ಹೊತ್ತಿಗೆ ಸರಿಯಾಗಿ ಖಾನಾಪುರದಿಂದ ಮಾವನವರು ಬಂದಿಳಿದರು. ಕಟ್ಟಿಗೆ ವ್ಯಾಪಾರಿ. "ನಾನೂ ಬರ್ತೇನ್ರಿ," ಎಂದರು. ಬೇಡವೆನ್ನಲು ನನಗೆಲ್ಲಿಯ ಧೈರ್ಯ?

ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದಾಗ, ಒಂದು ಗಳಿಗೆ ಬಂದ ಕಾರಣವೇ ಮರೆತುಹೋಯಿತು. ಅಷ್ಟು ದೊಡ್ಡ ಗುಮ್ಮಟ, ನಡುವೆ ಒಂದು ಕಂಬವಿಲ್ಲ. ಎದೆ ತುಂಬಿ ಬಂತು. ಮಾವನವರು ಮಾತ್ರ ತೊಲೆ ಹುಡುಕುತ್ತಿದ್ದರು.

"ಒಂದ ತುಂಡ ಸಾಗವಾನಿ ಇಲ್ಲಲ್ರಿ. ಭಾರ ಯಾವುದು ಹೊರತೈತಿ?"

"ಕಮಾನು ಒಂದಕ್ಕೊಂದು ಅಡ್ಡ ಹಾದು ಹೆಗಲು ಕೊಟ್ಟಾವ್ರಿ," ಎಂದು ಓದಿದ್ದನ್ನೆಲ್ಲ ಒಪ್ಪಿಸಿದೆ.

ಅವರು ನಂಬಲಿಲ್ಲ. "ಮ್ಯಾಲ ಹೋಗಿ ನೋಡೂಣು."

ಏಳು ಅಂತಸ್ತು ಮೆಟ್ಟಿಲು. ಮೊಗಸಾಲೆಯ ಬಾಗಿಲಿನ ಹತ್ತಿರ ಕುಳಿತುಕೋ ಎಂದು ನೀಲವ್ವನ ಕಿವಿಯಲ್ಲಿ ಹೇಳಿ, ನಾನು ಮುಂದೆ ಓಡಿ ಎದುರು ಬದಿಯಲ್ಲಿ ಹೊಂಚಿದೆ. ಸ್ವಲ್ಪ ಹೊತ್ತಿಗೆ ಆ ಮಬ್ಬುಬೆಳಕಿನಲ್ಲಿ ಅವಳ ಹಸಿರು ಶಾಲು ಬಂದು ಕುಳಿತಿತು. ನಾನು ಗೋಡೆಗೆ ಬಾಯಿಟ್ಟೆ.

"ಯಾರೂ ಕೇಳಂಗಿಲ್ಲ. ನನ್ನ ರಾಣಿ, ಒಂದ ಸಲ ಹೆಸರ ಹೇಳ."

ಗೋಡೆಗೆ ಕಿವಿಯಿಟ್ಟು ಕಾದೆ, ಮತ್ತೆ ಬಾಯಿಟ್ಟೆ.

"ನಾಚಬ್ಯಾಡ. ನಾ ನಿನ್ನವನ ಅದೇನಿ."

"ಗುರುಸಿದ್ಧಪ್ಪನವರ," ಎಂದಿತು ಗೋಡೆ, ದಪ್ಪ ಗಂಡುದನಿಯಲ್ಲಿ. "ಸಾಕೇನ್ರಿ?"

ನೀಲವ್ವ ನಡುದಾರಿಯಲ್ಲಿ ದಣಿದು ಕುಳಿತು, ಮೇಲೆ ತಂಡಿಯಿರುತ್ತದೆಂದು ತನ್ನ ಶಾಲನ್ನು ತಂದೆಗೆ ಹೊದಿಸಿ ಕಳಿಸಿದ್ದಳು! ಸಾಲದ್ದಕ್ಕೆ, ಆ ಗೋಡೆ ಎದುರಿನವರಿಗಷ್ಟೇ ಅಲ್ಲ, ಸುತ್ತ ಕುಳಿತವರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಹದಿನೈದು ಜನ ಪ್ರವಾಸಿಗಳು ನಕ್ಕರು. ಅವರ ನಗೆಯನ್ನು ಗುಮ್ಮಟ ಏಳು ಸಲ ನಕ್ಕಿತು.

ನಾಲ್ಕು ಮೂಲೆಗೂ ಬೇರೆ ಬೇರೆ ಮೆಟ್ಟಿಲಿಟ್ಟ ಆ ಪುಣ್ಯಾತ್ಮ ಶಿಲ್ಪಿಗೆ ನಾನು ಋಣಿ. ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಇನ್ನೊಂದು ಮೂಲೆಯಿಂದ ಇಳಿದು ಬೇವಿನ ಮರದ ಕೆಳಗೆ ಕುಳಿತೆ.

ಬಹಳ ಹೊತ್ತಿನ ಮೇಲೆ ತಂದೆ ಮಗಳು ಬಂದರು. ಅವಳ ಮುಖ ಕೆಂಪಾಗಿತ್ತು.

"ಎಲ್ಲಿ ಹೋಗಿದ್ರಿ?" ಎಂದರು ಮಾವನವರು. "ನೀವು ಎದುರಿಗೆ ಅದೀರಂತ ತಿಳಕೊಂಡು ಮಗಳು ಮ್ಯಾಲ ಬಂದು ಗ್ವಾಡಿಗೆ ನಿಮ್ಮ ಹೆಸರ ಹೇಳಿದಳ್ರಿ. ಭಾಳ ಚಲೋ ಹೇಳಿದಳು."

ನಾನು ದಡಬಡಿಸಿ ಎದ್ದೆ. "ಇನ್ನೊಮ್ಮೆ ಹೇಳ," ಎಂದೆ.

"ಇಲ್ಲಿ ಗ್ವಾಡಿ ಇಲ್ಲಲ್ರಿ," ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ಮುಂದಿನ ವರ್ಷ ಮತ್ತ ಬರೂಣ್ರಿ. ಓಡಿ ಮಾತ್ರ ಹೋಗಬ್ಯಾಡ್ರಿ," ಎಂದಳು.

ಮತ್ತೆ ವಿಜಾಪುರಕ್ಕೆ ಹೋಗಲೇಬೇಕು. ಅವಳು ನನ್ನ ಹೆಸರು ಹೇಳಿದ್ದನ್ನು ಗುಮ್ಮಟದಲ್ಲಿದ್ದವರೆಲ್ಲ ಕೇಳಿದ್ದಾರೆ, ಗುರುಸಿದ್ಧಪ್ಪನೊಬ್ಬನನ್ನು ಬಿಟ್ಟು.