ಮುಂಚೇನೇ ‘ಮಂಡಿನೋವಾ’ ಅಂದ್ಬುಟ್ಟೆ

ಯಾರಾದರೂ ತಪ್ಪು ತೋರಿಸಿದರೆ ಅದನ್ನು ಹೇಗೆ ಕೇಳಿಸಿಕೊಳ್ಳಬೇಕು ಅನ್ನೋದನ್ನ ಡಾಕ್ಟರಾಗುವ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ನನ್ನನ್ನು ಬೆರಗಾಗಿಸದೆ ಬಿಡುವುದಿಲ್ಲ.

ಶಾಂತ ಮುಖ

ಹುಣಸೂರು ಕಡೆಯ ಹಳ್ಳಿ ಆಸ್ಪತ್ರೆ. ಒಬ್ಬ ಹುಡುಗ ಬಿ.ಪಿ. ಪಟ್ಟಿಯನ್ನು ಅಂಗಿಯ ತೋಳಿನ ಮೇಲೇ ಸುತ್ತಿದ. ಅಂಗಿಯ ತೋಳು ಮೇಲಕ್ಕೆ ಮಡಚಿ, ಬರಿಗೈಗೆ ಸುತ್ತಬೇಕು ಅಂದೆ. “ಥ್ಯಾಂಕ್ಯೂ ಮೇಡಂ, ತಿದ್ಕೋತೀನಿ” ಅಂತ ತಲೆಯಾಡಿಸಿದ. ಮುಂದಿನವರಿಗೆ ಸ್ವೆಟರ್ ಮೇಲೇ ಸುತ್ತಿದ!

“ಈಗ್ತಾನೆ ಏನಪ್ಪ ಹೇಳ್ದೆ?”

“ಗೊತ್ತಿಲ್ಲ ಮೇಡಂ. ಬೈದಾಗ ಮುಖ ಶಾಂತವಾಗಿಟ್ಕೋಬೇಕು ಅಂದಿದ್ರಲ್ಲ, ಗಮನವೆಲ್ಲ ಅಲ್ಲೇ ಇತ್ತು.”

ಸೂಜಿ

ನಿಮ್ಮ ಕೆಲಸ ಹೇಗಿತ್ತು ಅಂತ ರೋಗಿಗಳನ್ನೇ ಕೇಳಿ ನೋಡಿ ಅಂತ ಕಳಿಸಿದೆ. ಒಬ್ಬ ಹುಡುಗ ಪಿರಿಯಾಪಟ್ಟಣದ ರೈತರೊಬ್ಬರಿಗೆ ಇಂಜೆಕ್ಷನ್ ಕೊಟ್ಟು, “ಹೆಂಗಿತ್ತು ಅಣ್ಣ?” ಅಂದ.

“ನೋವೇ ಆಗ್ನಿಲ್ಲ ಕಣಪ್ಪ, ಚೆನ್ನಾಗ್ ಚುಚ್ದೆ. ಆದ್ರೆ ಚುಚ್ಚೋವಾಗ ನೀನ್ಯಾಕೆ ಕಣ್ಣು ಮುಚ್ಕೊಂಡೆ?”

ಅಜ್ಜಿ

ಗಾವಡಗೆರೆ ಕಡೆಯ ಅಜ್ಜಿಯೊಬ್ಬರಿಗೆ ನಮ್ಮ ಬ್ಯಾಚಿನ ಹುಡುಗಿಯೊಬ್ಬಳು ಮಂಡಿನೋವಿನ ಮಾತ್ರೆ ಬರೆದು, “ನಾನು ಸರಿಯಾಗಿ ನೋಡಿದ್ನಾ ಅಜ್ಜಿ?” ಅಂದಳು.

“ಒಳ್ಳೆ ಮಗ ಕಣವ್ವ ನೀನು. ಆದ್ರೆ ನಾನು ಬಾಯಿ ಬುಡೋಕ್ ಮುಂಚೇನೇ ‘ಮಂಡಿನೋವಾ’ ಅಂದ್ಬುಟ್ಟೆ. ಅದೂ ಐತಲ್ಲ, ಊಂ ಅಂದೆ.”

ಹುಡುಗಿಯ ಮುಖ ಕೆಂಪಾಯಿತು. ಹೊರಗೆ ಸಾಲು ಬೇರೆ ಬೆಳೆದಿತ್ತು. ಆದರೂ ಪೆನ್ನು ಕೆಳಗಿಟ್ಟು, ಸ್ಟೂಲು ಹತ್ತಿರ ಎಳೆದುಕೊಂಡು ಕೂತಳು. “ತಪ್ಪಾಯ್ತಜ್ಜಿ. ಈಗ ನೀವೇ ಹೇಳಿ, ನಾನು ಮಾತಾಡಲ್ಲ.”

“ಬೆಳಗ್ಗಿಂದ ಎದೆ ಇಡ್ಕೊಂಡಂಗೈತೆ, ಬೆವರ್ತಾದೆ.”

ಇಸಿಜಿ ತೆಗೆದೆವು. ಹೃದಯಾಘಾತ! ಕೊಡಬೇಕಾದ ಮಾತ್ರೆ ಕೊಟ್ಟು ಆಂಬ್ಯುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದೆವು. ದಾರಿಯುದ್ದಕ್ಕೂ ಹುಡುಗಿ ಅಜ್ಜಿಯ ಕೈ ಹಿಡಿದೇ ಹೋದಳಂತೆ. ಅಜ್ಜಿ ಉಳಿದರು. ನಾನು ಪಾಠದಲ್ಲಿ ಹೇಳುವುದನ್ನೆಲ್ಲ ಆ ಹುಡುಗಿ ಒಂದು ಸ್ಟೂಲು ಎಳೆದುಕೊಂಡು ಮಾಡಿಬಿಟ್ಟಿದ್ದಳು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತೆ.

ಕೆಲವು ವಾರಗಳಾದ ಮೇಲೆ ಅಜ್ಜಿ ತೋರಿಸಿಕೊಳ್ಳೋಕೆ ಬಂದರು. ಹುಡುಗಿ ಎದುರು ಕೂತು ಊಟ, ನಿದ್ದೆ, ಉಸಿರು, ಕಾಲೂತ, ಸೊಸೆ, ಎಮ್ಮೆ ಎಲ್ಲ ವಿಚಾರಿಸಿ, ಅಜ್ಜಿ ಹೇಳಿದ್ದನ್ನೆಲ್ಲ ಬಾಯಿ ಮುಚ್ಚಿ ಕೇಳಿದಳು. ಕೊನೆಗೆ ಆಸೆಯಿಂದ, “ಈಗ ನಾನು ಹೆಂಗ್ ನೋಡಿದೆ ಅಜ್ಜಿ?” ಅಂದಳು.

ಅಜ್ಜಿ ಅವಳ ಗಲ್ಲ ಸವರಿದರು.

“ದೇವ್ರಂಗ್ ನೋಡ್ದೆ ಕಣವ್ವ. ಆದ್ರೆ ಇಂಗೇ ಕೇಳ್ತಾ ಕುಂತ್ರೆ ನನ್ ಬಸ್ಸು ಒಂಟೋಯ್ತದೆ. ಬಿರ್‍ನೆ ಮಾತ್ರೆ ಬರ್ಕೊಡು!”