ಮಾದರಿ ಮುದುಕರು

ಎಲ್ಲಾ ಕೆಟ್ಟದ್ದು ಒಂದೇ ಒಂದು ಪದದಿಂದ. ಆ ಪದವೂ ನಿಂಗರಾಜುವಿನ ಸ್ವಂತದ್ದಲ್ಲ, ಮೈಸೂರಿನ ಆಫೀಸಿನವರದು. 'ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಯಲ್ಲಿ ಮಾದರಿ ವೃದ್ಧರ ಪರಿಶೀಲನೆ' ಎಂದು ಅಲ್ಲಿಂದ ಕಾಗದ ಬಂದಿತ್ತು. ನಿಂಗರಾಜು ಅದನ್ನು ಅಕ್ಷರ ತಪ್ಪದೆ ಕಾಪಿ ಮಾಡಿ, ಕೆಳಗೆ ಇಪ್ಪತ್ನಾಲ್ಕು ಹೆಸರು ಬರೆದು, ಸೋಮವಾರ ಸಂಜೆ ಹಾಲಿನ ಡೇರಿಯ ಗೋಡೆಗೆ ಅಂಟಿಸಿದ. ಮನೆಗೆ ಹೋಗಿ ಮುದ್ದೆ ಉಂಡು ಮಲಗಿದ. ಪಾಪ, ಆ ಕೆಲಸದಲ್ಲಿದ್ದುಕೊಂಡು ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಅದೇ ಕೊನೆ.

ಅವನ ಕೆಲಸವೇನು ಅಂತ ಮೊದಲು ಹೇಳಿಬಿಡುತ್ತೇನೆ. ತಗಡೂರಿಗೆ ಮೂರು ಮೈಲಿ ದೂರದ ಹುಣಸೆಕೊಪ್ಪಲಿನಲ್ಲಿ ೧೯೯೭ರಲ್ಲಿ ಮೈಸೂರಿನ ಡಾಕ್ಟರುಗಳು ಬಂದು, ಅರವತ್ತು ದಾಟಿದವರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು, ಕೊಡಪಾನಕ್ಕೆ ಹಾಕಿ ಕುಲುಕಿ ಮೂವತ್ತು ಚೀಟಿ ಎತ್ತಿದ್ದರು. ಹಳ್ಳಿಯ ಮುದುಕರ ಆರೋಗ್ಯ ವರ್ಷ ಕಳೆದಂತೆ ಹೇಗಾಗುತ್ತದೆ ಎಂಬುದನ್ನು ಆ ಮೂವತ್ತು ಜನರನ್ನು ನೋಡಿ ತಿಳಿಯಬೇಕು. ನೋಡಿಕೊಳ್ಳಲು ಊರಿನವನೇ ಆದ ನಿಂಗರಾಜುವನ್ನು ನೇಮಿಸಿ, ಒಂದು ಬಿಪಿ ಯಂತ್ರ, ಒಂದು ತಕ್ಕಡಿ, ಒಂದು ಟೇಪು ಕೊಟ್ಟರು. 'ಕೇಳು, ಅಳೆ, ಬರೆ. ಅಷ್ಟೇ' ಎಂದು ಹೇಳಿ ಹೋದರು. ಆರು ವರ್ಷದಲ್ಲಿ ಮೂವತ್ತರಲ್ಲಿ ಆರು ಜನ ಶಿವನ ಪಾದ ಸೇರಿ ಇಪ್ಪತ್ನಾಲ್ಕು ಉಳಿದಿದ್ದರು.

ಉಳಿದವರು ಈಗಲೂ ಊರಿನ ಮುದುಕರ ಪಡಿಯಚ್ಚಾಗಿ ಇದ್ದಾರೆಯೇ ಅಂತ ನೋಡುವುದಕ್ಕೇ ಈ ಮಂಗಳವಾರ ಡಾಕ್ಟರ್ ವಾಣಿ ಬರುತ್ತಿದ್ದರು. ಇದ್ದರೆ ಇನ್ನೂ ಹತ್ತು ವರ್ಷ ನಿಂಗರಾಜುವಿನ ಕೆಲಸ ಗಟ್ಟಿ. ಇಲ್ಲದಿದ್ದರೆ ಭಾಮೈದನ ರಾಗಿ ಮಿಲ್ಲೇ ಗತಿ. ಆ ಪುಣ್ಯಾತ್ಮ ಹಬ್ಬಕ್ಕೆ ಬಂದಾಗಲೆಲ್ಲ, "ಭಾವ, ಮಿಲ್ಲಲ್ಲಿ ನಿಮಗೊಂದು ಮೂಲೆ ಇದ್ದೇ ಐತೆ" ಅಂತ ಒಬ್ಬಟ್ಟಿನ ಜೊತೆ ಬಡಿಸುತ್ತಿದ್ದ. ನಿಂಗರಾಜುವಿಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಹೋದರೆ, ಸಂಘದ ಅಧ್ಯಕ್ಷ ಬೆಟ್ಟಯ್ಯ ಗೋಡೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಅರವತ್ತಮೂರು ವರ್ಷ, ಆರಡಿ ಆಳು, ಹುರಿ ಮೀಸೆ. ಆರು ವರ್ಷದ ಹಿಂದೆ ಕೊಡಪಾನದಲ್ಲಿ ತನ್ನ ಚೀಟಿಯೇ ಇರಲಿಲ್ಲ, ಆಗ ತನಗಿನ್ನೂ ಐವತ್ತೇಳು ಎಂಬುದನ್ನು ಅವನು ಎಂದೂ ಒಪ್ಪಿದವನಲ್ಲ.

"ಏನ್ಲಾ ನಿಂಗ, ಮಾದರಿ ವೃದ್ಧರು ಅಂದ್ರೆ ಇವ್ರೇನ್ಲಾ? ಮರಿಯಯ್ಯ ಮಾದರಿನಾ? ಬೀಡಿ ಸೇದಿ ಸೇದಿ ಕರ್ರಗಾದೋನು! ರುದ್ರಮ್ಮ ಮಾದರಿನಾ? ಸೊಸೆ ಮ್ಯಾಲೆ ಒನಕೆ ಎಸ್ದೋಳು!"

"ಅಂಗಲ್ಲ ದೊಡ್ಡಪ್ಪ. ಮಾದರಿ ರೈತ, ಮಾದರಿ ಗ್ರಾಮ ಅಂತಾರಲ್ಲ, ಆ ಮಾದರಿ ಅಲ್ಲ. ಇದು ಸ್ಯಾಂಪಲ್ಲು. ಅನ್ನ ಬೆಂದೈತಾ ಅಂತ ಒಂದಗುಳು ಇಸುಕಿ ನೋಡಾಕಿಲ್ವಾ, ಅಂಗೆ."

"ನೆಂಟ್ರು ಮನೆ ಬಾಗ್ಲಿಗೆ ಬಂದಾಗ ಬೇಯದ ಅಗುಳು ತಗಂಡೋಗಿ ತೋರ್ಸಾರೇನ್ಲಾ? ಊರ ಮಾನ ಕಳೀಬ್ಯಾಡ. ನೀನೋಗಿ ಸ್ನಾನ ಮಾಡ್ಕಂಡು ಬಾ, ನಾವು ನೋಡ್ಕತೀವಿ."

'ನಾವು ನೋಡ್ಕತೀವಿ' ಎಂಬ ಮಾತು ಕೇಳಿದ ತಕ್ಷಣ ಬುದ್ಧಿವಂತನಾದವನು ಅಲ್ಲೇ ಕೂತುಬಿಡಬೇಕಿತ್ತು. ನಿಂಗರಾಜು ಸ್ನಾನಕ್ಕೆ ಹೋದ. ಹೋದವನು ಅಂಗಿಗೆ ಇಸ್ತ್ರಿ ಹಾಕಿಸಿ, ಕಡತ ಜೋಡಿಸಿ, ಹೆಂಡತಿ ಚೈತ್ರಳ ಕೈಲಿ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಶಾಲೆಗೆ ಬರುವಷ್ಟರಲ್ಲಿ ಒಂಬತ್ತೂ ಮುಕ್ಕಾಲು.

ಬೇಸಿಗೆ ರಜೆ, ಶಾಲೆಯಲ್ಲಿ ಮಕ್ಕಳಿರಲಿಲ್ಲ. ಜಗಲಿಯ ಮೇಲೆ ಇಪ್ಪತ್ನಾಲ್ಕು ಜನ ಸಾಲಾಗಿ ಕೂತಿದ್ದರು. ಎಲ್ಲರೂ ಮಿಂದು, ಬಿಳಿ ಪಂಚೆ, ಮಡಿ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ ಥಳಥಳ ಹೊಳೆಯುತ್ತಿದ್ದರು. ಊರಿನ ಮುದುಕರಲ್ಲಿ ಗಟ್ಟಿಮುಟ್ಟಾದವರು ಯಾರೋ ಅವರೇ. ಪಟ್ಟಿಯಲ್ಲಿದ್ದವರು ಒಬ್ಬರೂ ಇಲ್ಲ!

"ಅಯ್ಯಯ್ಯೋ, ನಮ್ಮೋರೆಲ್ಲಿ ದೊಡ್ಡಪ್ಪ?"

"ಅವ್ರ್ನೆಲ್ಲ ಬೆಳಿಗ್ಗೇನೇ ಟ್ರಾಕ್ಟರ್‌ಗೆ ತುಂಬಿ ನರಸೀಪುರದ ಸಂಗಮಕ್ಕೆ ಸ್ನಾನಕ್ಕೆ ಕಳಿಸ್ಬುಟ್ಟೆ. ಪುಣ್ಯಾನೂ ಬತ್ತದೆ, ಊಟಾನೂ ಐತೆ. ಇವತ್ತು ನಾನೇ ಮರಿಯಯ್ಯ. ಇಗೋ, ನಮ್ ಪುಟ್ಟಬಸಮ್ಮನೇ ರುದ್ರಮ್ಮ. ಎಲ್ಲಾರ್ಗೂ ಒಂದೊಂದ್ ಹೆಸ್ರು ಅಂಚಿವ್ನಿ. ನೀನು ಬಾಯ್ ಮುಚ್ಕಂಡಿರು ಸಾಕು."

ನಿಂಗರಾಜು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಜೀಪು ಬಂದೇಬಿಟ್ಟಿತು. ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

ಡಾಕ್ಟರ್ ವಾಣಿ ಹತ್ತು ವರ್ಷದಿಂದ ಹಳ್ಳಿ ಸುತ್ತಿದವರು, ಆದರೆ ಈ ಊರಿಗೆ ಬಂದದ್ದು ಇದೇ ಮೊದಲು. ಮೇಜಿನ ಮುಂದೆ ಕೂತು ಹಳೆಯ ಕಡತ ತೆರೆದರು. "ಮೊದಲು ರುದ್ರಮ್ಮ ಬರಲಿ."

ಪುಟ್ಟಬಸಮ್ಮ ಸೆರಗು ಸರಿಮಾಡಿಕೊಂಡು ಬಂದಳು.

"ಯಜಮಾನ್ರ ಹೆಸರೇನಮ್ಮ?"

"ಜವರಯ್ಯ!" ಎಂದು ಪುಟ್ಟಬಸಮ್ಮ ಶಾಲೆಯ ಹೆಂಚು ಅದುರುವಂತೆ ಕೂಗಿದಳು.

ಮೇಡಂ ಪೆನ್ನು ಕೆಳಗಿಟ್ಟರು. "ಅಮ್ಮ, ನಾನು ಈ ತಾಲೂಕಲ್ಲಿ ನೂರಾರು ಅಜ್ಜಿಯರನ್ನ ಕೇಳಿದ್ದೀನಿ. ಒಬ್ಬರೂ ಗಂಡನ ಹೆಸರು ಬಾಯಿಬಿಟ್ಟು ಹೇಳಿಲ್ಲ. ಪಕ್ಕದಲ್ಲಿರೋರ ಕೈಲಿ ಹೇಳಿಸ್ತಾರೆ, ಇಲ್ಲಾ ಸೆರಗು ಅಡ್ಡ ಹಿಡೀತಾರೆ. ನಿಮಗೆ ನಾಚಿಕೆನೇ ಆಗ್ಲಿಲ್ವಲ್ಲ?"

"ನಂಗ್ಯಾಕವ್ವ ನಾಚ್ಕೆ, ಅವ್ನೇನ್ ನನ್ ಗಂಡನಾ?" ಎಂದುಬಿಟ್ಟಳು ಪುಟ್ಟಬಸಮ್ಮ. ಹಿಂದಿನಿಂದ ಯಾರೋ ಅವಳ ಸೆರಗು ಜಗ್ಗಿದರು.

ನಿಂಗರಾಜು ಮುಂದೆ ಬಂದು, "ವಯಸ್ಸಾಯ್ತು ಮೇಡಂ, ಅರುಳು ಮರುಳು" ಎಂದ. ಪುಟ್ಟಬಸಮ್ಮ ಅವನನ್ನು ಸುಡುವ ಹಾಗೆ ನೋಡಿದಳು.

"ಇರಲಿ. ಮರಿಯಯ್ಯ ಬರಲಿ."

ಬೆಟ್ಟಯ್ಯ ಎದ್ದು ಎದೆಯುಬ್ಬಿಸಿ ನಿಂತ. ಮೇಡಂ ತಾವೇ ಟೇಪು ಹಿಡಿದು ಅಳೆದರು. ಕಡತ ನೋಡಿದರು. ಮತ್ತೆ ಅಳೆದರು.

"ನಿಂಗರಾಜು, ಹೋದ ಸಲ ಮರಿಯಯ್ಯ ಐದಡಿ ಒಂದಿಂಚು. ಈಗ ಆರಡಿ. ಲೋಕದಲ್ಲೆಲ್ಲ ಮುದುಕರು ಕುಗ್ತಾರೆ. ನಿಮ್ಮೂರಲ್ಲಿ ಬೆಳೀತಾರಾ?"

"ನಮ್ಮೂರ್ ನೀರು ಒಳ್ಳೇದು ಮೇಡಮ್ಮೋರೆ" ಎಂದ ಬೆಟ್ಟಯ್ಯ ಗಂಭೀರವಾಗಿ.

"ಹೌದಾ? ಸರಿ, ಇಲ್ಲಿ ಹೆಬ್ಬೆಟ್ಟು ಒತ್ತಿ."

ಅಲ್ಲೇ ಎಡವಟ್ಟಾಯಿತು. ಹದಿನೈದು ವರ್ಷದಿಂದ ಡೇರಿಯ ಕಾಗದಗಳಿಗೆ ರುಜು ಹಾಕಿ ಹಾಕಿ ಪಳಗಿದ ಕೈ. ಕಾಗದ ಕಂಡದ್ದೇ ತಡ, ಬೆಟ್ಟಯ್ಯ ಮೇಡಂ ಪೆನ್ನನ್ನೇ ಎತ್ತಿಕೊಂಡು ಸರ್‍ರನೆ ರುಜು ಎಳೆದ. ಎಳೆದದ್ದಷ್ಟೇ ಅಲ್ಲ, ಅಭ್ಯಾಸಬಲ, ಅದರ ಕೆಳಗೆ 'ಅಧ್ಯಕ್ಷರು, ಹಾಲು ಉತ್ಪಾದಕರ ಸಂಘ' ಎಂದೂ ಬರೆದ.

ಮೇಡಂ ಅದನ್ನು ಗಟ್ಟಿಯಾಗಿ ಓದಿದರು.

ನಿಂಗರಾಜುವಿಗೆ ಇನ್ನು ತಡೆಯಲಾಗಲಿಲ್ಲ. ಅಳು ಬರುವುದೊಂದು ಬಾಕಿ. ಮಾದರಿ ಎಂಬ ಪದದಿಂದ ಹಿಡಿದು ಸಂಗಮದ ಸ್ನಾನದವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿ, "ನನ್ನ ಕೆಲಸ ಕಳೀಬೇಡಿ ಮೇಡಂ, ನಾನು ಬರೆದ ಒಂದು ಅಂಕಿನೂ ಸುಳ್ಳಲ್ಲ" ಎಂದು ಕೈ ಮುಗಿದ.

ಮೇಡಂ ಬೈಯಲಿಲ್ಲ. ನಕ್ಕರು. "ಅಳಬೇಡಿ. ಪಟ್ಟಿಯ ಹೊರಗಿನವರನ್ನೂ ನೋಡಿ, ಪಟ್ಟಿಯವರ ಜೊತೆ ತಾಳೆ ಹಾಕಬೇಕು ಅಂತಲೇ ನಾನು ಬಂದಿದ್ದು. ಮನೆ ಮನೆ ಹುಡುಕಬೇಕಲ್ಲ ಅಂದ್ಕೊಂಡಿದ್ದೆ. ನೀವೇ ತಂದು ಸಾಲಾಗಿ ಕೂರಿಸಿದ್ದೀರಿ. ಯಾರೂ ಏಳ್ಬೇಡಿ, ಎಲ್ಲರಿಗೂ ಬಿಪಿ, ಶುಗರ್ ನೋಡ್ತೀನಿ."

ನೋಡಿದರು. ಒಬ್ಬೊಬ್ಬರನ್ನು ನೋಡಿದ ಹಾಗೆಲ್ಲ ಮೇಡಂ ಮುಖದ ನಗು ಇಳಿಯುತ್ತಾ ಬಂತು. ಬೆಟ್ಟಯ್ಯನ ಬಿಪಿ ನೂರ ತೊಂಬತ್ತು. ಪುಟ್ಟಬಸಮ್ಮನ ಸಕ್ಕರೆ ಮುನ್ನೂರರ ಹತ್ತಿರ. ಮೀಸೆ, ತೋಳು, ಎಣ್ಣೆ ಹಚ್ಚಿದ ತಲೆ ಎಲ್ಲ ಮೇಲಿನ ಥಳಕು. ಹುಟ್ಟಿದಾಗಿನಿಂದ ಒಮ್ಮೆಯೂ ಪರೀಕ್ಷೆ ಮಾಡಿಸದ ಮೈಗಳು, ಒಳಗೆ ಬರೀ ಕುದಿತ. ಇಪ್ಪತ್ನಾಲ್ಕರಲ್ಲಿ ಹದಿನೇಳು ಜನರ ಹೆಸರಿನ ಮುಂದೆ ಕೆಂಪು ಗೀಟು ಬಿತ್ತು.

ಮೂರು ಗಂಟೆಗೆ ಅಸಲಿ ಮಾದರಿಗಳು ಬಂದರು. ಮುಂದೆ ಮರಿಯಯ್ಯ, ಹಿಂದೆ ರುದ್ರಮ್ಮ, ಅವರ ಹಿಂದೆ ಉಳಿದವರು. ಎಲ್ಲರೂ ನಡೆದೇ ಬಂದಿದ್ದರು.

"ಮೇನ್ ರೋಡಲ್ಲಿ ಟ್ರಾಕ್ಟರ್ ಕೆಟ್ಟೋಯ್ತು ಕಣ್ ನಿಂಗಪ್ಪ. ಡ್ರೈವರ್ ಕಾಯ್ರಿ ಅಂದ. ಯಾರ್ ಕಾಯ್ತಾರೆ, ಎಲ್ಡು ಮೈಲಿ ತಾನೇ ಅಂತ ನಡ್ದೇ ಬುಟ್ವಿ" ಎಂದ ಎಪ್ಪತ್ತೆರಡರ ಮರಿಯಯ್ಯ. ಏದುಸಿರು ಕೂಡ ಇಲ್ಲ.

ಅವರನ್ನೂ ನೋಡಿದ್ದಾಯಿತು. ಮರಿಯಯ್ಯನ ಬಿಪಿ ನೂರ ಮೂವತ್ತು. ರುದ್ರಮ್ಮನದು ಅದಕ್ಕಿಂತ ಚೆಂದ. ಕೆಂಪು ಗೀಟು ಬಿದ್ದದ್ದು ಇಬ್ಬರಿಗೆ ಮಾತ್ರ. ನಿಂಗರಾಜುವಿಗೆ ಹೋದ ಜೀವ ಬಂದಂತಾಯಿತು. ಗೆದ್ದೆ, ಇನ್ನು ಹತ್ತು ವರ್ಷ ಯಾರ ಹಂಗೂ ಇಲ್ಲ ಅಂದುಕೊಂಡ.

"ಆರು ವರ್ಷದ ಹಿಂದೆ ನೀವೂ ಹೀಗಿರಲಿಲ್ಲವಲ್ಲ. ಏನು ಮಾಡಿದ್ರಿ?" ಎಂದು ಮೇಡಂ ಹಳೆಯ ಕಡತ ತಿರುವುತ್ತಾ ಕೇಳಿದರು.

"ಎಲ್ಲಾ ಈ ನಮ್ಮಪ್ಪನ ದಯೆ ಕಣವ್ವ" ಎಂದು ರುದ್ರಮ್ಮ ನಿಂಗರಾಜುವಿನ ಗಲ್ಲ ಹಿಡಿದಳು. "ಉಪ್ಪು ತಿನ್ಬ್ಯಾಡ ಅಂದ, ತಿಂದೆ. ಬಂದು ಉಪ್ಪಿನಕಾಯಿ ಭರಣಿನೇ ಒತ್ಕಂಡೋದ! ಅದ್ಕೇ ಸಿಟ್ ಬಂದು ಒನಕೆ ಎಸ್ದೆ. ಇವನ್ಗೆ ಎಸ್ದಿದ್ದು, ಸೊಸೆ ಅಡ್ಡ ಬಂದ್ಲು."

ನಿಂಗರಾಜು ನಾಚಿ ನೀರಾದ.

"ನನ್ ಬೀಡಿ ಕಟ್ನೆಲ್ಲ ಕಿತ್ಕಂಡು ಒಲೆಗಾಕ್ದ. ದಿನಾ ಬೆಳಿಗ್ಗೆ ಕೆರೆ ಏರಿ ಮ್ಯಾಲೆ ದನ ಅಟ್ಟಿದಂಗೆ ನಮ್ಮನ್ನ ಅಟ್ಟುಸ್ಕಂಡು ಓಯ್ತಾನೆ. ಮಾತ್ರೆ ನುಂಗೋಗಂಟ ಮನೆ ಬುಟ್ಟು ಓಗಾಕಿಲ್ಲ. ಎತ್ತ ಮಗನೂ ಇಂಗ್ ನೋಡಾಕಿಲ್ಲ ಕಣ್ರವ್ವ" ಎಂದು ಮರಿಯಯ್ಯ ಕಣ್ಣೊರೆಸಿಕೊಂಡ.

ಹೊಗಳಿಕೆ ಮುಗಿಯುವಷ್ಟರಲ್ಲಿ ನಿಂಗರಾಜು ಎರಡಿಂಚು ಉದ್ದವಾಗಿದ್ದ. ಮೇಡಂ ಮಾತ್ರ ಕಡತ ಮುಚ್ಚಿ, ಕನ್ನಡಕ ತೆಗೆದು, ಅವನನ್ನೇ ದಿಟ್ಟಿಸಿದರು.

"ನಿಂಗರಾಜು, ನೀವು ತುಂಬಾ ಒಳ್ಳೆಯವರು. ಅದೇ ತೊಂದರೆ. ನಿಮಗೆ ಏನು ಹೇಳಿದ್ವಿ? ಕೇಳು, ಅಳೆ, ಬರೆ. ತೀರಾ ಕಾಯಿಲೆಯವರಿದ್ರೆ ಆಸ್ಪತ್ರೆಗೆ ಚೀಟಿ ಕೊಡು. ಭರಣಿ ಹೊತ್ಕೊಂಡು ಹೋಗು ಅಂತ ಹೇಳಿದ್ವಾ?"

"ಇಲ್ಲ ಮೇಡಂ. ಕಣ್ಣೆದುರಿಗೆ ತಿಂತಿದ್ರು..."

"ಇವರನ್ನ ನೋಡಿ ಇಡೀ ತಾಲೂಕಿನ ಮುದುಕರು ಹೇಗಿದ್ದಾರೆ ಅಂತ ನಾವು ಹೇಳಬೇಕಿತ್ತು. ಊರೇ ಆರಿಸಿ ಕಳಿಸಿದ ಗಟ್ಟಿಗರಲ್ಲೇ ಹದಿನೇಳು ಜನಕ್ಕೆ ಕಾಯಿಲೆ. ಇವರಲ್ಲಿ ಇಬ್ಬರಿಗೆ. ಇವರು ಈಗ ತಾಲೂಕಿನ ಮುದುಕರಲ್ಲ, ನಿಮ್ಮ ಮುದುಕರು. ಈ ಊರನ್ನ ಅಧ್ಯಯನದಿಂದ ಕೈಬಿಡಲೇಬೇಕು. ನನಗೂ ಬೇಜಾರಿದೆ. ಬೇರೆ ಊರಲ್ಲಿ ಹೊಸದಾಗಿ ಚೀಟಿ ಎತ್ತಿಸ್ತೀವಿ. ಆದರೆ ಅಲ್ಲಿಗೆ ಸ್ವಲ್ಪ ಕಲ್ಲು ಮನಸ್ಸಿನವರು ಬೇಕು."

ಬಿಪಿ ಯಂತ್ರ, ತಕ್ಕಡಿ, ಟೇಪು ಎಲ್ಲ ಜೀಪು ಹತ್ತಿದವು. ಕಾಯಿಲೆಯವರೆಲ್ಲ ನಂಜನಗೂಡಿನ ಆಸ್ಪತ್ರೆಗೆ ಹೋಗಲೇಬೇಕು ಎಂದು ಚೀಟಿ ಬರೆದುಕೊಟ್ಟು, ನಿಂಗರಾಜುವಿನ ಬೆನ್ನು ತಟ್ಟಿ ಮೇಡಂ ಹೊರಟರು. ಅವನು ಜೀಪಿನ ಧೂಳು ನೋಡುತ್ತಾ ನಿಂತ. ದುಃಖ ಒತ್ತರಿಸಿ ಬಂತು. ಒಳ್ಳೆಯದು ಮಾಡಿದ್ದಕ್ಕೆ ಇದೇನಪ್ಪ ಶಿವನೇ ಅಂತ ಹಣೆ ಚಚ್ಚಿಕೊಳ್ಳಲು ಕೈ ಎತ್ತಿದ. ಎತ್ತಿದ ಕೈಯನ್ನು ಯಾರೋ ಹಿಡಿದುಕೊಂಡರು.

ಬೆಟ್ಟಯ್ಯ. ಮುಖ ಬಿಳಿಚಿಕೊಂಡಿತ್ತು. ಅವನ ಹಿಂದೆ ಪುಟ್ಟಬಸಮ್ಮ, ಅವಳ ಹಿಂದೆ ಇಪ್ಪತ್ತೆರಡು ಜನ.

"ನಿಂಗ, ನಂಗೆ ನೂರ ತೊಂಬತ್ತಂತೆ ಕಣ್ಲಾ. ಚೀಟಿಯೇನೋ ಕೊಟ್ಟವ್ರೆ. ಊರಲ್ಲಿ ನಮ್ಮನ್ನ ನೋಡ್ಕಳೋರ್ ಯಾರು? ನಾಳೆಯಿಂದ ನಮ್ಮನ್ನೂ ಏರಿ ಮ್ಯಾಲೆ ಅಟ್ಟುಸ್ಕಂಡು ಓಗು."

"ನನ್ನ ಕೆಲಸಾನೇ ಓಯ್ತಲ್ಲ ದೊಡ್ಡಪ್ಪ! ಇನ್ನು ಸಂಬಳ ಕೊಡೋರ್ಯಾರು?"

"ಥೂ, ಊರ ಮಗನಾಗಿ ಸಂಬಳದ ಮಾತಾಡ್ತೀಯಲ್ಲೋ!" ಎಂದ ಬೆಟ್ಟಯ್ಯನಿಗೆ ನಿಜವಾಗಿಯೂ ಬೇಸರವಾಯಿತು. ಅಷ್ಟರಲ್ಲಿ ಮರಿಯಯ್ಯ ಅಡ್ಡ ಬಂದು, ಇವನು ನಮ್ಮವನು, ಮೊದಲು ನಮ್ಮನ್ನು ನೋಡಬೇಕು, ನೀವು ಹಿಂದೆ ನಿಲ್ಲಿ ಎಂದು ಜಗಳ ತೆಗೆದ.

ಬೆಳಿಗ್ಗೆ ನಿಂಗರಾಜುವಿಗೆ ಸಂಬಳವಿತ್ತು, ಇಪ್ಪತ್ನಾಲ್ಕು ಮುದುಕರಿದ್ದರು. ಹೊತ್ತು ಮುಳುಗುವಾಗ ಸಂಬಳವಿರಲಿಲ್ಲ, ಮುದುಕರು ನಲವತ್ತೆಂಟಾಗಿದ್ದರು.